ಟರ್ಬೊ ಗಾಡಿಗೆ ಹಳೇ ಡಿಸ್ಟ್ರಿಬ್ಯೂಟರ್

ಬೆಂಗಳೂರಲ್ಲಿ ಫ್ರೆಂಡ್ಸ್ ನನ್ನ ಕಾರಿನ ಬಾನೆಟ್ ಎತ್ತಿ ನೋಡಿದ್ರೆ ನಗು ತಡೆಯಲ್ಲ. 'ಟರ್ಬೊ ಎಂಜಿನ್‌ಗೆ ಡಿಸ್ಟ್ರಿಬ್ಯೂಟರಾ? ಸ್ಮಾರ್ಟ್‌ಫೋನ್‌ಗೆ ತಿರುಗಿಸೋ ಡಯಲ್ ಹಾಕಿಸಿದ ಹಾಗಾಯ್ತಲ್ಲೋ!' ನಾನೂ ನಗ್ತೀನಿ. ಎರಡು ವರ್ಷದ ಹಿಂದಿನ ಆ ಜುಲೈ ರಾತ್ರಿಯ ವಿಷಯ ಅವರಿಗೆ ಹೇಳಿಲ್ಲ.

ನಮ್ಮ ಮನೆ ಭಾಗಮಂಡಲದ ಹತ್ತಿರ. ಮಳೆಗಾಲದಲ್ಲಿ ಅಲ್ಲಿ ಹಾಸಿದ ಚಾದರವೂ ತಣ್ಣಗೆ ಒದ್ದೆ ಒದ್ದೆ. ರಜೆ ಹಾಕಿ ಊರಿಗೆ ಹೋಗಿದ್ದೆ. ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಉಬ್ಬಸ ಜೋರಾಯ್ತು, ಇನ್‌ಹೇಲರ್‌ಗೆ ಬಗ್ಗಲಿಲ್ಲ. ಹಿಂದಿನ ಸೀಟಿನಲ್ಲಿ ಅವ್ವನಿಗೆ ಒರಗಿಸಿ ಮಡಿಕೇರಿ ಕಡೆ ಹೊರಟೆ. ಚೇರಂಬಾಣೆ ದಾಟಿ ಏರು ಶುರುವಾಗಿದ್ದೇ ಗಾಡಿ ಕುಂಟತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಬಲ ಕಮ್ಮಿ. ಬೆಟ್ಟಗೇರಿಗೆ ಮೊದಲೇ ನಿಂತೇ ಹೋಯ್ತು. ಮಳೆಯ ಸದ್ದಿನ ನಡುವೆ ಅಪ್ಪನ ಉಸಿರಿನ ಸಿಳ್ಳೆ ಕೇಳ್ತಾ ಇತ್ತು. ಪಕ್ಕದ ತೋಟದವರ ಹಳೇ ಪೆಟ್ರೋಲ್ ಜೀಪು ಬರುವಷ್ಟರಲ್ಲಿ ಐವತ್ತು ನಿಮಿಷ. ಅಪ್ಪ ನಾಲ್ಕು ದಿನ ಆಸ್ಪತ್ರೆಯಲ್ಲಿದ್ರು. ಗಾಡಿ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ತಪ್ಪು ಕಾಯಿಲ್ ಪ್ಯಾಕ್‌ನದ್ದು. ನನ್ನ ಎಂಜಿನ್‌ಗೆ ಎರಡು ಕಾಯಿಲ್, ಒಂದೊಂದು ಎರಡೆರಡು ಸಿಲಿಂಡರ್‌ಗೆ ಕಿಡಿ ಕೊಡುತ್ತೆ. ಒಂದು ಸತ್ತರೆ ಅರ್ಧ ಎಂಜಿನ್ ಸತ್ತ ಹಾಗೆ. ಟರ್ಬೊ ಗಾಳಿಯನ್ನು ಒತ್ತಿ ತುಂಬಿದಾಗ ಪ್ಲಗ್‌ನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದು, ಅಲ್ಲಿ ತೇವ ಸೇರಿದ್ರೆ, ವಿದ್ಯುತ್ ಪ್ಲಗ್ ಬಿಟ್ಟು ಪಕ್ಕದ ಲೋಹಕ್ಕೆ ಹಾರುತ್ತೆ. ಅದಕ್ಕೇ ಸಮತಟ್ಟಿನಲ್ಲಿ ಸುಮ್ಮನಿದ್ದ ಗಾಡಿ ಏರಿನಲ್ಲಿ ಕೈಕೊಟ್ಟಿದ್ದು. ಹೊಸ ಕಾಯಿಲ್ ಕೊರಿಯರ್‌ನಲ್ಲಿ ಬರಲು ಒಂಬತ್ತು ದಿನ. ಆಗಸ್ಟಿನಲ್ಲಿ ಇನ್ನೊಂದು ಹೋಯ್ತು.

ಮಡಿಕೇರಿಯ ಮೇಸ್ತ್ರಿ ಹೇಳಿದ್ರು: 'ಡಿಸ್ಟ್ರಿಬ್ಯೂಟರ್‌ಗೂ ನೀರು ತಾಗ್ತದೆ ಮಾರಾಯ್ರೆ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಅದನ್ನ ದಾರಿಯಲ್ಲೇ ಬಿಚ್ಚಿ ಒರೆಸ್ಬಹುದು. ಇದನ್ನ ಏನ್ ಒರೆಸ್ತೀರಿ?'

ಇದೇ ಎಂಜಿನ್‌ನ ಹಳೇ ಮಾದರಿಗೆ ಡಿಸ್ಟ್ರಿಬ್ಯೂಟರ್ ಇತ್ತು. ನನ್ನದರಲ್ಲಿ ಕ್ಯಾಮ್‌ಶಾಫ್ಟ್ ತುದಿಯ ಆ ಜಾಗಕ್ಕೆ ಒಂದು ಮುಚ್ಚಳ ಹಾಕಿದ್ರು, ಅಷ್ಟೆ. ಶಿವಾಜಿನಗರದ ಗುಜರಿಯಲ್ಲಿ ಎರಡು ಶನಿವಾರ ಅಲೆದು ಒಂದನ್ನು ತಂದೆ. ಮೊದಲು ಇದ್ದ ಹಾಗೇ ಕೂರಿಸಿದ್ವಿ. ಅದೇ ನಾವು ಮಾಡಿದ ದೊಡ್ಡ ತಪ್ಪು. ಟರ್ಬೊ ಏರಿದ ಕೂಡಲೇ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಸದ್ದು. ಹಳೇ ಡಿಸ್ಟ್ರಿಬ್ಯೂಟರ್ ತನ್ನೊಳಗಿನ ತೂಕದ ತುಂಡುಗಳಿಂದ ವೇಗ ನೋಡಿ ಕಿಡಿಯನ್ನು ಮುಂಚಿತ ಮಾಡುತ್ತೆ. ಟರ್ಬೊ ಒತ್ತಡದಲ್ಲಿ ಕಿಡಿ ಸ್ವಲ್ಪ ತಡವಾಗಬೇಕು. ಅದು ಟರ್ಬೊ ಇಲ್ಲದ ಎಂಜಿನ್‌ಗೆ ಮಾಡಿದ್ದು, ಪಾಪ, ಅದಕ್ಕೇನು ಗೊತ್ತು? ಇನ್ನೊಂದಿಷ್ಟು ಓಡಿಸಿದ್ರೆ ಪಿಸ್ಟನ್‌ಗೇ ತೂತು.

ಮೇಸ್ತ್ರಿ ಆ ತೂಕಗಳನ್ನು ಅಲ್ಲಾಡದಂತೆ ವೆಲ್ಡ್ ಮಾಡಿದ್ರು, ವ್ಯಾಕ್ಯೂಮ್ ಪೈಪ್ ತೆಗೆದ್ರು. ಎರಡು ಕಾಯಿಲ್‌ಗೆ ಇಸಿಯು ಕಳಿಸುತ್ತಿದ್ದ ಸಿಗ್ನಲ್‌ಗಳನ್ನು ಡಯೋಡ್ ಹಾಕಿ ಒಂದು ಮಾಡಿ, ಒಂದೇ ದೊಡ್ಡ ಕಾಯಿಲ್‌ಗೆ ಕೊಟ್ವಿ. ಕಿಡಿ ಯಾವಾಗ ಅನ್ನೋದು ಈಗಲೂ ಇಸಿಯು ತೀರ್ಮಾನ. ಯಾರಿಗೆ ಅನ್ನೋದಷ್ಟೇ ಡಿಸ್ಟ್ರಿಬ್ಯೂಟರ್ ಕೆಲಸ: 1, 3, 4, 2. ಕಿಡಿ ಹಾರುವ ಹೊತ್ತಿಗೆ ರೋಟರ್ ಸರಿಯಾದ ತಂತಿಯ ಎದುರು ಇದೆಯಾ ಅಂತ ತಿಳಿಯಲು ಒಂದು ಹಳೇ ಕ್ಯಾಪ್‌ಗೆ ಕಿಟಕಿ ಕೊರೆದು, ಟೈಮಿಂಗ್ ಲೈಟ್ ಬಿಟ್ಟು ನೋಡಿದ್ವಿ. ಸಂಜೆಗತ್ತಲಲ್ಲಿ, ಮಳೆಯ ಶೆಡ್ಡಿನಲ್ಲಿ ಆ ರೋಟರ್ ನಿಂತ ಹಾಗೆ ಕಾಣಿಸಿದ್ದು ಇನ್ನೂ ಕಣ್ಣಲ್ಲಿದೆ.

ಕಳೆದುಕೊಂಡಿದ್ದೂ ಇದೆ. 6,000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್‌ಗೆ ಸೆಕೆಂಡಿಗೆ 200 ಕಿಡಿ ಬೇಕು. ಒಂದು ಕಿಡಿಯಿಂದ ಇನ್ನೊಂದಕ್ಕೆ ಬರೀ 5 ಮಿಲಿಸೆಕೆಂಡ್. ಅಷ್ಟರಲ್ಲೇ ಒಂಟಿ ಕಾಯಿಲ್ ಮತ್ತೆ ತುಂಬಿಕೊಳ್ಳಬೇಕು. ಮೊದಲು ಎರಡು ಹಂಚಿಕೊಳ್ತಿದ್ದ ಕೆಲಸ ಅದು. ಅದಕ್ಕೆ ಟರ್ಬೊ ಒತ್ತಡ ತಗ್ಗಿಸಿ, ಪ್ಲಗ್ ಗ್ಯಾಪ್ 0.7 ಮಿ.ಮೀ.ಗೆ ಇಳಿಸಿದೆವು. ನಾನು 5,500 ದಾಟಿಸಲ್ಲ. ಹೈವೇಯಲ್ಲಿ ಆ ಬೆನ್ನಿಗೆ ಗುದ್ದಿದಂಥ ಎಳೆತ ಈಗಿಲ್ಲ. ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಇದನ್ನ ಓದಿ ನೀವೂ ಮಾಡಿಸಿ ಅಂತ ಹೇಳ್ತಿಲ್ಲ ಮತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಟಿನ ಬಗ್ಗೆಯೇ ಇದೆ. ಮೊದಲು ಆರ್‌ಟಿಒದಲ್ಲಿ ಕೇಳಿ.

ಕಳೆದ ಜುಲೈನಲ್ಲಿ ಅಪ್ಪನನ್ನು ತಪಾಸಣೆಗೆ ಕರ್ಕೊಂಡು ಹೋಗ್ತಿದ್ದೆ. ಚೇರಂಬಾಣೆಯ ಆಚೆ, ಅದೇ ಏರಿನಲ್ಲಿ, ಗಾಡಿ ನಿಂತೇಬಿಡ್ತು. ನನ್ನ ಕೈ ತಣ್ಣಗಾಯ್ತು. ನಾನು ಕೊಡೆ ಹುಡುಕುವಷ್ಟರಲ್ಲಿ ಅಪ್ಪ ಇಳಿದು ಬಾನೆಟ್ ಎತ್ತಿದ್ರು. ಎರಡು ಕ್ಲಿಪ್ ಸರಿಸಿ ಕ್ಯಾಪ್ ತೆಗೆದ್ರು. ಹೆಗಲ ಮೇಲಿನ ಬೈರಾಸಿನ ಒಣ ತುದಿಯಿಂದ ಒಳಗೆಲ್ಲ ಒರೆಸಿ, ಒಮ್ಮೆ ಊದಿ, ಮತ್ತೆ ಕೂರಿಸಿದ್ರು.

'ನಮ್ಮ ಜೀಪಿಗೂ ಇದೇ ಕಾಯಿಲೆ ಇತ್ತು. ಹೋಗು, ಸ್ಟಾರ್ಟ್ ಮಾಡು.'

ಒಂದೇ ಸೆಲ್ಫಿಗೆ ಎದ್ದಿತು. ಮಡಿಕೇರಿ ತಲುಪುವವರೆಗೂ ಅಪ್ಪ ಆ ಜೀಪಿನ ಕತೆಯೇ ಹೇಳ್ತಾ ಇದ್ರು, ನಡುವೆ ಒಂದೆರಡು ಸಲ ಕೆಮ್ಮಿದ್ರು ಅಷ್ಟೆ. ಬೈರಾಸು ಈಗ ನನ್ನ ಗಾಡಿಯ ಡ್ಯಾಶ್‌ಬೋರ್ಡಲ್ಲೇ ಇದೆ.