ಪೀಪಾಯಿಯೂ ಗಡಿಗೆಯೂ

ಮದ್ಯವನ್ನು ಕುರಿತು ಬರೆಯುವವನು ಮದ್ಯಪಾನ ಮಾಡಿರಲೇಬೇಕೆಂಬ ನಿಯಮವಿಲ್ಲ. ಹಾಗಿದ್ದಿದ್ದರೆ ನಮ್ಮ ಪಾಠಶಾಲೆಗಳ ಪಂಡಿತರು ಆಸವ, ಅರಿಷ್ಟ, ಮೈರೇಯಗಳ ಭೇದವನ್ನು ಶಿಷ್ಯರಿಗೆ ವಿವರಿಸುವುದು ಸಾಧ್ಯವಾಗುತ್ತಿರಲಿಲ್ಲ. ಮನುಸ್ಮೃತಿಯು ಗೌಡೀ, ಪೈಷ್ಟೀ, ಮಾಧ್ವೀ ಎಂದು ಸುರೆಯ ಮೂರು ಬಗೆಗಳನ್ನು ಎಣಿಸಿರುವುದು ನಿಷೇಧಿಸುವುದಕ್ಕಾಗಿಯೇ. ನಿಷೇಧಿಸುವವನಿಗೂ ವಸ್ತುವಿನ ಪರಿಚಯ ಬೇಕಷ್ಟೆ. ಸೌತ್ರಾಮಣೀ ಯಾಗದ ಸುರೆಗೆ ಮೊಳಕೆಯೊಡೆದ ಬತ್ತ, ಮೊಳಕೆಯೊಡೆದ ಜವೆಗೋಧಿ, ಅರಳು ಇವುಗಳನ್ನು ಬ್ರಾಹ್ಮಣಗ್ರಂಥಗಳು ವಿಧಿಸುತ್ತವೆ. ಕಲಿಯುಗದಲ್ಲಿ ಅದು ವರ್ಜ್ಯವೆಂದು ನಿಬಂಧಕಾರರು ತೀರ್ಮಾನಿಸಿದರು. ನಾನು ಆ ತೀರ್ಮಾನದ ನೆರಳಿನಲ್ಲಿಯೇ ಬೆಳೆದವನು, ಮದ್ಯವನ್ನು ಮುಟ್ಟಿದವನಲ್ಲ. ಆದರೂ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಪ್ರಸಂಗವನ್ನು ಹಳೆಯ ಶಿಷ್ಯನೊಬ್ಬನ ಕಾಗದವು ತಂದೊಡ್ಡಿದೆ.

ಈ ಶಿಷ್ಯನು ಬಂಗಾರಪೇಟೆಗೆ ಸಮೀಪದ ಹಳ್ಳಿಯೊಂದರ ಈಡಿಗರ ಮನೆಯವನು. ಈಗ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಬೇಸಗೆಯಲ್ಲಿ ಆ ದೇಶದ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಸೀಮೆಗೆ ಹೋಗಿದ್ದನಂತೆ. ತವರದ ಗಣಿಗಳಲ್ಲಿ ಪಳಗಿದ ಆ ಸೀಮೆಯ ಜನರು ನಮ್ಮ ಚಿನ್ನದ ಗಣಿಗಳಿಗೂ ಬಂದು ದುಡಿದವರು. ಅವರ ಊರನ್ನು ನೋಡಬೇಕೆಂಬ ಕುತೂಹಲ ಕೋಲಾರದ ಕಡೆಯವನಿಗೆ ಸಹಜವೇ. ಅಲ್ಲಿ ಸೇಂಟ್ ಆಸ್ಟೆಲ್ ಎಂಬ ಪಟ್ಟಣದಲ್ಲಿ, 1851ರಲ್ಲಿ ವಾಲ್ಟರ್ ಹಿಕ್ಸ್ ಎಂಬಾತನು ಆರಂಭಿಸಿದ ಬಿಯರಿನ ಕಾರ್ಖಾನೆಯೊಂದುಂಟು. ಅದರ ಹಳೆಯ ಕಟ್ಟಡ 1893ರದು. ಒಡೆತನ ಇಂದಿಗೂ ಆ ಕುಟುಂಬದವರದೇ.

ಅಲ್ಲಿ ತಯಾರಾಗುವ ‘ಏಲ್’ ಎಂಬ ಪೇಯದ ಕ್ರಮವನ್ನು ಆತನು ವಿಸ್ತಾರವಾಗಿ ಬರೆದಿದ್ದಾನೆ. ಜವೆಗೋಧಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚುಮಾಡಿ ಬಿಸಿನೀರಿನಲ್ಲಿ ಕದಡುತ್ತಾರೆ. ಸಿಹಿಯಾದ ಆ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿಸಿ, ಹುದುಗು ಸೇರಿಸುತ್ತಾರೆ. ಕಹಿಯೂ ಸುವಾಸನೆಯೂ ಬರುವುದು ಆ ಹೂವಿನಿಂದ. ಬೇಗನೆ ಕೆಡದಂತೆ ಕಾಯುವುದೂ ಅದೇ. ಇಲ್ಲಿಯವರೆಗೆ ಬೇರೆ ಬಿಯರುಗಳಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ವಿಶೇಷವೇನೆಂದರೆ, ಪೀಪಾಯಿಯ ಏಲನ್ನು ಸೋಸಿ, ಹುದುಗನ್ನು ಕೊಂದು, ಸೀಸೆಯಲ್ಲಿ ಮುಚ್ಚಿಬಿಡುವುದಿಲ್ಲ. ಹುದುಗಿಗೆ ಜೀವವಿರುವಾಗಲೇ ಪೀಪಾಯಿಗೆ ತುಂಬಿ ಪಾನಗೃಹದ ನೆಲಮಾಳಿಗೆಗೆ ಕಳುಹಿಸುತ್ತಾರೆ. 9 ಗ್ಯಾಲನ್, ಎಂದರೆ ಸುಮಾರು 41 ಲೀಟರು ಹಿಡಿಯುವ ಪೀಪಾಯಿ ಅಲ್ಲಿ ಸಾಮಾನ್ಯ. 11ರಿಂದ 13 ಡಿಗ್ರಿಯ ತಂಪಿನಲ್ಲಿ ಅದು ಮತ್ತೊಮ್ಮೆ ಹುದುಗೆದ್ದು ಹದಕ್ಕೆ ಬರುತ್ತದೆ. ಮೆದುಮರದ ಬೆಣೆಯೊಂದನ್ನಿಟ್ಟು ಹೆಚ್ಚಿನ ಗಾಳಿಯನ್ನು ಹೊರಬಿಡುತ್ತಾರೆ. ಮೀನಿನ ಗಾಳಿಚೀಲದಿಂದ ಮಾಡಿದ ಅಂಟು ಗಷ್ಟನ್ನು ತಳಕ್ಕಿಳಿಸುತ್ತದೆ. ಒಮ್ಮೆ ತೆರೆದ ಪೀಪಾಯಿ ಮೂರು ದಿನಗಳೊಳಗಾಗಿ ಮುಗಿಯಬೇಕು. ದೊಡ್ಡ ಕಂಪೆನಿಗಳ ಭರಾಟೆಯಲ್ಲಿ ಈ ಪದ್ಧತಿ ಅಳಿಯುವಂತಾದಾಗ, 1971ರಲ್ಲಿ ಕುಡಿಯುವವರೇ ಸಂಘ ಕಟ್ಟಿ ಅದರ ಪರವಾಗಿ ನಿಂತರು.

ರುಚಿಯ ವಿಷಯವನ್ನು ಆತನ ಮಾತಿನಲ್ಲಿಯೇ ಕೊಡುತ್ತೇನೆ: “ಮೇಷ್ಟ್ರೇ, ಮೊದಲ ಗುಟುಕಿನಲ್ಲಿ ಸೀದ ರೊಟ್ಟಿಯ ಅಂಚಿನ ರುಚಿ, ಆಮೇಲೆ ಕಿತ್ತಳೆಯ ಸಿಪ್ಪೆಯ ವಾಸನೆ, ಕೊನೆಗೆ ನಾಲಗೆಯ ಬುಡದಲ್ಲಿ ಒಂದಿಷ್ಟು ಕಹಿ ನಿಲ್ಲುತ್ತದೆ. ಹುದುಗಿನ ವಾಸನೆ ಮಾತ್ರ ನಮ್ಮಪ್ಪನ ಮಧ್ಯಾಹ್ನದ ಗಡಿಗೆಯದೇ. ಇವರು ಒಂದು ಏಲಿಗೆ ಮನೆತನದ ಹಿರಿಯನ ಹೆಸರನ್ನೇ ಇಟ್ಟಿದ್ದಾರೆ. ನಮ್ಮಪ್ಪ ತಾವು ಎದುರಿಗೆ ಬಂದರೆ ಗಡಿಗೆಯನ್ನು ಬೇಲಿಯ ಮರೆಗೆ ಇಡುತ್ತಿದ್ದರು. ಏಕೆ, ಮೇಷ್ಟ್ರೇ?”

ಆತನ ತಂದೆಯನ್ನು ನಾನು ಚೆನ್ನಾಗಿ ಬಲ್ಲೆ. ಚಳಿಗಾಲದ ಸಂಜೆ ಸೊಂಟಕ್ಕೆ ಹಗ್ಗ ಬಿಗಿದು ಈಚಲುಮರವನ್ನೇರಿ, ಸುಳಿಯ ಕೆಳಗೆ ತೆಳ್ಳಗೆ ಕೆತ್ತಿ, ಗಡಿಗೆ ಕಟ್ಟಿ ಬರುತ್ತಿದ್ದನು. ಕೆಲವು ದಿನ ಕೆತ್ತಿದರೆ ಕೆಲವು ದಿನ ಮರಕ್ಕೆ ಬಿಡುವು. ಒಂದು ವರ್ಷ ಈ ಪಕ್ಕ ಕೆತ್ತಿದರೆ ಮರುವರ್ಷ ಆ ಪಕ್ಕ. ಆಸೆಯಿಂದ ಆಳವಾಗಿ ಕೆತ್ತಿದರೆ ಮರವೇ ಸಾಯುವುದೆಂದು ಮಗನಿಗೆ ಹೇಳಿಕೊಡುತ್ತಿದ್ದುದನ್ನು ನಾನು ಕೇಳಿದ್ದೇನೆ. ಒಳಗೆ ಸುಣ್ಣ ಬಳಿದ ಗಡಿಗೆಯಲ್ಲಿ ಇಳಿದ ರಸ ಹುದುಗೇಳುವುದಿಲ್ಲ, ಅದು ನೀರಾ. ಒಂದು ಮುಂಜಾನೆ ಆತನು, “ಇದರಲ್ಲಿ ಅಮಲಿಲ್ಲ ಸ್ವಾಮಿ, ತಾವು ತಗೋಬಹುದು” ಎಂದು ಸಂಕೋಚದಿಂದ ಒಂದು ಲೋಟ ಕೊಟ್ಟನು. ಎಳನೀರಿಗೂ ಕಬ್ಬಿನ ಹಾಲಿಗೂ ನಡುವಣ ಸವಿ. ಹಿಂದೆಯೇ ಸುಣ್ಣದ ಸಣ್ಣ ಘಾಟು. ಸುಣ್ಣವಿಲ್ಲದ ಗಡಿಗೆಯಾದರೋ ಹೊತ್ತೇರಿದಂತೆ ತನ್ನಷ್ಟಕ್ಕೆ ಗುಳುಗುಳು ಎನ್ನತೊಡಗುವುದು. ಮಧ್ಯಾಹ್ನಕ್ಕೆ ನೊರೆಗಟ್ಟಿದ ಹೆಂಡ, ಮರುದಿನಕ್ಕೆ ಬರಿಯ ಹುಳಿ. ನಮ್ಮ ದೋಸೆಯ ಹಿಟ್ಟಿನಂತೆಯೇ ಅದಕ್ಕೂ ಒಂದು ಆಯುಸ್ಸು.

ಪೀಪಾಯಿಗೂ ಗಡಿಗೆಗೂ ಇರುವ ಸಾಮ್ಯ ಇಲ್ಲಿಯೇ ಇದೆ. ಎರಡರಲ್ಲಿಯೂ ಪೇಯಕ್ಕೆ ಜೀವವುಂಟು. ಆದುದರಿಂದಲೇ ಮರಣವೂ ಉಂಟು. ಹೆಚ್ಚು ದಿನ ಕೂಡಿಡಲಾಗದು, ದೂರ ಸಾಗಿಸಲಾಗದು. ಮಾಡಿದವನು ಯಾರೆಂದು ಕುಡಿಯುವವನಿಗೆ ತಿಳಿದಿರುತ್ತದೆ. ಕೆಟ್ಟರೆ ಕೇಳಲು ಒಂದು ಮನೆಯ ಬಾಗಿಲಿರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವನ್ನು ಓದಿದವರು ಬಲ್ಲರು: ಮಾರಾಟಕ್ಕೆ ಬಹಳ ಕಟ್ಟುಪಾಡುಗಳನ್ನು ವಿಧಿಸಿದ ಆತನೇ, ಕುಟುಂಬಸ್ಥರು ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದೆಂದನು. ಕಿಣ್ವವನ್ನು ಆರಿಸುವ ಕೆಲಸವನ್ನು ಹೆಂಗಸರಿಗೂ ಮಕ್ಕಳಿಗೂ ವಹಿಸಿದನು.

ನಮ್ಮ ಚಿನ್ನದ ಗಣಿಯ ಊರಿನಲ್ಲಿ ನಡೆದುದು ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದರು. 1894ರಲ್ಲಿ ಬೌರಿಂಗಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ರೈಲು ಬಂದಿತು. ದೊರೆಗಳಿಗೆ ಕ್ಲಬ್ಬು, ಹುಲ್ಲುಹಾಸು, ಬಿಯರು. ಬೆಂಗಳೂರಿನಲ್ಲಿಯೇ 1915ರಲ್ಲಿ ಥಾಮಸ್ ಲೀಶ್ಮನ್ನನು ದಕ್ಷಿಣದ ಕೆಲವು ಕಾರ್ಖಾನೆಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸನ್ನು ಸ್ಥಾಪಿಸಿದನು. ಕಲ್ಲಿನ ಶಾಖ 60 ಡಿಗ್ರಿಯನ್ನು ಮೀರುವ ಆಳದಲ್ಲಿ ದುಡಿದು ಮೇಲೆ ಬಂದ ಕೂಲಿಗಾರನಿಗೆ ಸವಿಯುವ ಪುರಸತ್ತೆಲ್ಲಿ? ಅವನಿಗೆ ಬೇಕಾದುದು ಮರೆವು. ಅದನ್ನು ಮಾರುವವರೂ ಇದ್ದರು. ಸಾರಾಯಿಗೆ ಹುಟ್ಟಿದ ಮನೆಯಿಲ್ಲ, ಕೆಡುವ ಭಯವಿಲ್ಲ; ಅದು ಹರಾಜಿನ ಗುತ್ತಿಗೆದಾರನ ಸರಕು. ಸಂಬಳದ ದಿನ ತಂದೆಯನ್ನು ಅಂಗಡಿಯ ಮುಂದಿನಿಂದ ಎತ್ತಿಕೊಂಡು ಹೋಗಬೇಕಾಗಿದ್ದ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಸಾರಾಯಿಯ ಮಾರಾಟವನ್ನು 2007ರ ಜುಲೈ 1ರಿಂದ ನಿಲ್ಲಿಸಿದಾಗ ಆ ಮನೆಗಳ ಹೆಂಗಸರು ಪಟ್ಟ ಸಂತೋಷವನ್ನೂ ಕಂಡಿದ್ದೇನೆ.

ಹೆಂಡವೇನು ನಿರಪರಾಧಿಯಲ್ಲ; ಅದರಿಂದಲೂ ಮನೆಗಳು ಮುರಿದಿವೆ. ಆದರೆ ನಮ್ಮ ತಿರಸ್ಕಾರವು ಗಡಿಗೆಗೂ ಸಾರಾಯಿಗೂ ಭೇದವೆಣಿಸಲಿಲ್ಲ. ಮರವನ್ನು ಮಗುವಿನಂತೆ ಕಂಡವನನ್ನೂ ಹರಾಜು ಕೂಗಿದವನನ್ನೂ ಒಂದೇ ತಕ್ಕಡಿಯಲ್ಲಿಟ್ಟೆವು. ಬಯಲುಸೀಮೆಯಲ್ಲಿ ಹೆಂಡ ಇಳಿಸುವುದು ಕಾನೂನಿನಿಂದಲೇ ನಿಂತಿತು. ಗುತ್ತಿಗೆದಾರನಿಗೆ ಬೇರೆ ವ್ಯಾಪಾರ ಸಿಕ್ಕಿತು. ಈಡಿಗನ ಕೈಯ ವಿದ್ಯೆಗೆ ಬೇರೆ ಮರ ಸಿಕ್ಕಲಿಲ್ಲ. ಮುಚ್ಚಿದ ಸೀಸೆ ಮಾತ್ರ ಹಾಗೆಯೇ ಉಳಿಯಿತು. 2001ರಲ್ಲಿ ಗಣಿಯೂ ಮುಚ್ಚಿತು. ಬೆಳಗಾಗುವ ಮುನ್ನವೇ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವರಲ್ಲಿ ಗಣಿಯವರ ಮಕ್ಕಳೂ ಇದ್ದಾರೆ, ಮರ ಹತ್ತುತ್ತಿದ್ದವರ ಮಕ್ಕಳೂ ಇದ್ದಾರೆ.

ಶಿಷ್ಯನಿಗೆ ನಾನು ಹೀಗೆ ಉತ್ತರ ಬರೆದೆನು: “ಚಿರಂಜೀವಿ, ನಿನ್ನ ತಂದೆ ಗಡಿಗೆಯನ್ನು ಮರೆಮಾಡಿದ್ದು ಅದು ಕೆಟ್ಟದ್ದಾಗಿತ್ತೆಂದಲ್ಲ, ಅದರಲ್ಲಿರುವುದನ್ನು ಬಲ್ಲವರು ಎದುರಿಗೆ ಬರುತ್ತಿಲ್ಲವೆಂದು. ಕೆರೆಯ ಏರಿಯ ಆಚೆ ಅವರು ಕೆತ್ತುತ್ತಿದ್ದ ಈಚಲುಮರ ಇನ್ನೂ ನಿಂತಿದೆ. ವರ್ಷಕ್ಕೊಂದರಂತೆ ಎಡಕ್ಕೂ ಬಲಕ್ಕೂ ಬಿದ್ದ ಕಚ್ಚುಗಳನ್ನು ನೆನ್ನೆ ಸಂಜೆ ಕೆಳಗೆ ನಿಂತು ಎಣಿಸಿದೆನು; ಹತ್ತೊಂಬತ್ತು ಕಂಡವು, ಮೇಲಿನವು ನನ್ನ ಕಣ್ಣಿಗೆ ಸಿಕ್ಕಲಿಲ್ಲ. ಬರುವ ಚಳಿಗಾಲದಲ್ಲಿ ಮಗನನ್ನೂ ಕರೆದುಕೊಂಡು ಬಾ. ಉಳಿದುದನ್ನು ಅವನು ಎಣಿಸಲಿ.”