ತ್ಯಾವಣಿಗೆಯ ಕೊಟ್ಟಿಗೆ

ದಾವಣಗೆರೆಯಿಂದ ಚನ್ನಗಿರಿಯ ಕಡೆಗೆ ಪಯಣಿಸುವವರಿಗೆ ತ್ಯಾವಣಿಗೆ ಅಪರಿಚಿತವಾದ ಊರಲ್ಲ. ಲಕ್ಕವಳ್ಳಿಯ ಜಲಾಶಯ 186 ಅಡಿ ತುಂಬಿತೆಂಬ ವಾರ್ತೆ ಬಂದ ವರ್ಷ ಈ ಸೀಮೆಯ ಮುಖದಲ್ಲಿ ಬೇರೆಯೇ ಕಳೆ ಇರುತ್ತದೆ. ನಾಲೆಯ ಇಕ್ಕೆಲದಲ್ಲಿ ಭತ್ತ, ಈಚಿನ ವರ್ಷಗಳಲ್ಲಿ ಭತ್ತವನ್ನು ಒತ್ತರಿಸಿಕೊಂಡು ಬಂದ ಅಡಿಕೆ. ನಾನು ಶ್ರೀಮಠದ ವಿದ್ಯಾರ್ಥಿಯಾಗಿದ್ದಾಗ ಭಿನ್ನಹಕ್ಕೆಂದು ಬರುತ್ತಿದ್ದ ಮನೆಯೊಂದು ಈ ಊರಿನ ಹೊರವಲಯದ ತೋಟದಲ್ಲಿದೆ. ಕಳೆದ ಮಾಘಮಾಸದಲ್ಲಿ ಆ ಮನೆಯಿಂದ ಕರೆ ಬಂದಿತು. ಹಳೆಯ ಪತ್ರವೊಂದನ್ನು ಓದಿಕೊಡಬೇಕಾಗಿತ್ತು.

ಮನೆಯ ಹಿರಿಯರು 2001ರಲ್ಲಿ ಲಿಂಗೈಕ್ಯರಾದರು. ಅವರ ಧರ್ಮಪತ್ನಿಗೆ ಈಗ ಎಂಬತ್ತೈದರ ಮೇಲೆ. ಗಂಡುಮಕ್ಕಳಿಬ್ಬರೂ ಬೆಂಗಳೂರಿನವರಾಗಿದ್ದಾರೆ, ಮಗಳನ್ನು ಹೊನ್ನಾಳಿಯ ಕಡೆಗೆ ಕೊಟ್ಟಿದೆ. ಮನೆ, ತೋಟ, ಕೊಟ್ಟಿಗೆ ಎಲ್ಲವನ್ನೂ ಕೊಳ್ಳಲು ಬೆಂಗಳೂರಿನ ಗೃಹಸ್ಥರೊಬ್ಬರು ಮುಂದೆ ಬಂದಿದ್ದರು. ಅವರ ಉದ್ದೇಶ ಕುದುರೆ ಸಾಕಣೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ನಮ್ಮ ರಾಜ್ಯದಲ್ಲಿದ್ದ ತಡೆ 2020ರ ತಿದ್ದುಪಡಿಯಿಂದ ಸಡಿಲಗೊಂಡ ಮೇಲೆ ಇಂಥ ಅತಿಥಿಗಳು ಹಳ್ಳಿಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತಿದ್ದಾರೆ.

ಅವರು ಕೊಟ್ಟಿಗೆಯನ್ನು ಟೇಪು ಹಿಡಿದು ಅಳೆಯುತ್ತಿದ್ದುದನ್ನು ನಾನೂ ನೋಡಿದೆ. ಹನ್ನೆರಡು ಜೊತೆ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆ ಅದು. ಹಾಸುಗಲ್ಲಿನ ನೆಲ, ಸಾಲು ಗೋದಲಿ, ತಗ್ಗಿದ ಸೂರು. ಆದರೆ ದನದ ಕೊಟ್ಟಿಗೆ ಬೇರೆ, ಕುದುರೆಯ ಲಾಯ ಬೇರೆ. ಒಂದು ಕುದುರೆ ತಿರುಗಿ ಮಲಗಿ ಏಳಲು ಹನ್ನೆರಡಡಿ ಚೌಕದ ಕೋಣೆಯಾದರೂ ಬೇಕು. ಗಂಜಲದ ಘಾಟು ನಿಂತರೆ ಅದರ ಶ್ವಾಸಕೋಶ ಕೆಡುತ್ತದೆ. ಸೂರು ಎತ್ತರವಿದ್ದು ಗಾಳಿಯಾಡಬೇಕು. ಸದಾ ತೇವದ ನೆಲದಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಗದ್ದೆಯ ಸೀಮೆಯಲ್ಲಿ ಕುದುರೆ ಸುಖವಾಗಿರುವುದು ಸುಲಭವಲ್ಲ. ವಿಜಯನಗರದ ಅರಸರು ಕಡಲಾಚೆಯಿಂದ ಬಂದ ಕುದುರೆಗಳಿಗೆ ಅಪಾರ ಹಣ ಸುರಿದದ್ದು ಸುಮ್ಮನೆ ಅಲ್ಲ.

ನಮ್ಮ ನಾಡಿನಲ್ಲಿ ಕುದುರೆಗೆ ನೆಲೆಯಾದ ಸ್ಥಳ ಕುಣಿಗಲ್. ಟಿಪ್ಪುವಿನ ಕಾಲದಿಂದಲೂ ಅಲ್ಲಿ ಅಶ್ವಪಾಲನೆ ನಡೆದುಬಂದಿದೆ. 400 ಎಕರೆಗೂ ಮಿಗಿಲಾದ ಆ ಕ್ಷೇತ್ರ ಮಾರಾಟವಾಗಲಿಲ್ಲ. 1992ರಲ್ಲಿ ಖಾಸಗಿ ಸಂಸ್ಥೆಗೆ ಗುತ್ತಿಗೆಗೆ ಹೋಯಿತು. ಆ ನೆಲದಲ್ಲಿ ಪಟ್ಟಣ ಕಟ್ಟುವ ಮಾತು ಎದ್ದಾಗ ಆಕ್ಷೇಪಣೆಗಳೂ ಎದ್ದವು. ಇದಕ್ಕಿಂತ ನನಗೆ ಹತ್ತಿರವಾದದ್ದು ಅಮೃತಮಹಲಿನ ಕಥೆ. ಚನ್ನಗಿರಿಗೆ ನೆರೆಯದೇ ಆದ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವಿದೆ. 1860ರಲ್ಲಿ ಖರ್ಚು ಉಳಿಸಬೇಕೆಂದು ಆಗಿನ ಆಡಳಿತ ಆ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸಿಗದೆ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ಮಾರಲು ಒಂದು ದಿನ ಸಾಕಾದೀತು. ಚದುರಿದ ತಳಿಯನ್ನು ಕೂಡಿಸಿದವರ ಕಷ್ಟವನ್ನು ಯಾರು ಬರೆದಿಟ್ಟಿದ್ದಾರೆ!

ಇನ್ನು ಪತ್ರದ ವಿಷಯ. ಕಬ್ಬಿಣದ ಟ್ರಂಕಿನಿಂದ ತೆಗೆದ ಅದು 1958ರ ಶುದ್ಧ ಕ್ರಯಪತ್ರ. ಜಿಲ್ಲೆ ಶಿವಮೊಗ್ಗ ಎಂದೇ ಬರೆದಿದೆ. ಚನ್ನಗಿರಿ ದಾವಣಗೆರೆಗೆ ಸೇರಿದ್ದು 1997ರಲ್ಲಷ್ಟೆ. ಜಮೀನು ಆಗ ಖುಷ್ಕಿ. ಚಕ್ಕುಬಂದಿಯ ನಂತರ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಹೇಳಿದೆ. ಶಾಸನಗಳಲ್ಲಿ ನಾನು ನೂರಾರು ಬಾರಿ ಓದಿದ ಪದಗಳು ಛಾಪಾಕಾಗದದ ಮೇಲೆ ಕಂಡು ರೋಮಾಂಚನವಾಯಿತು. ಕೊನೆಗೆ ಬೇರೆ ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದರು: ಕೊಟ್ಟಿಗೆ, ಕಣ, ಬಣವೆಯ ಜಾಗ ಇದಕ್ಕೆ ಒಳಪಟ್ಟಿವೆ. ಕೊಂಡವರ ಹೆಸರು ಒಂದೇ: ಮನೆಯ ಹಿರಿಯರದು.

ನಾನು ಓದು ನಿಲ್ಲಿಸಿದೆ. ಗಂಡುಮಕ್ಕಳು ಇದನ್ನು ತಾತನ ಆಸ್ತಿಯೆಂದೂ, ಬಹಳ ಹಿಂದೆಯೇ ಮದುವೆಯಾಗಿ ಹೋದ ತಂಗಿಯ ರುಜು ಬೇಕಿಲ್ಲವೆಂದೂ ತಿಳಿದಿದ್ದರು. ಪಹಣಿಯಲ್ಲಿ ಪೌತಿ ಖಾತೆ ಹಿರಿಯ ಮಗನ ಹೆಸರಿಗೇ ಆಗಿತ್ತು.

"ಇದು ನಿಮ್ಮ ತಂದೆಯವರು ಸ್ವಂತ ದುಡಿಮೆಯಿಂದ ಕೊಂಡದ್ದಪ್ಪ. ಉಯಿಲು ಬರೆದಿದ್ದಾರೆಯೇ?" ಎಂದೆ.

"ಇಲ್ಲ ಗುರುಗಳೇ."

ನಾನು ವಕೀಲನಲ್ಲ. ಆದರೂ ಇಷ್ಟನ್ನು ಎಲ್ಲ ಮನೆಗಳೂ ತಿಳಿದಿರಬೇಕು. 1956ರ ಉತ್ತರಾಧಿಕಾರ ಕಾಯಿದೆ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿ ನಮಗೂ ಅನ್ವಯಿಸುತ್ತದೆ. ಉಯಿಲಿಲ್ಲದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲಿನವರು. ಮದುವೆಯಾದವಳು, ಆಗದವಳು ಎಂಬ ಭೇದ ಅಲ್ಲಿ ಇಲ್ಲ. ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಮಗನಷ್ಟೇ ಹಕ್ಕೆಂದು 2005ರಿಂದ ಕಾನೂನಾಗಿದೆ. ಖಾತೆ ಒಬ್ಬರ ಹೆಸರಿಗೆ ಕೂತ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯದು. ಈ ಲೆಕ್ಕದಲ್ಲಿ ಅಲ್ಲಿದ್ದುದು ನಾಲ್ಕು ಪಾಲು. ಅಕ್ಕತಂಗಿಯರಿಂದ ಅರಿಶಿನ ಕುಂಕುಮದ ನೆಪದಲ್ಲಿ ಹಕ್ಕು ಬಿಡುಗಡೆ ಬರೆಸಿಕೊಳ್ಳುವ ರೂಢಿ ನಮ್ಮ ಮನೆತನಗಳಲ್ಲಿಯೂ ಉಂಟು. ಹೆಣ್ಣುಗಂಡೆಂಬ ಭೇದವನ್ನು ಅಲ್ಲಗಳೆದ ಶರಣರ ಹೆಸರು ಹೇಳುವವರಿಗೆ ಇದು ಶೋಭಿಸದು.

ಕಿರಿಯವರು ಮುಖ ಸಪ್ಪಗೆ ಮಾಡಿಕೊಂಡರು. ಹಿರಿಯವರು ಬಹಳ ಹೊತ್ತು ಸುಮ್ಮನಿದ್ದು ತಂಗಿಗೆ ಫೋನು ಮಾಡಿದರು. ಮರುದಿನ ಆಕೆ ಬಂದರು. ಕೋಪವಿತ್ತು, ಅಳುವೂ ಇತ್ತು. ಅಣ್ಣಂದಿರ ಮುಂದೆ ಒಂದೇ ಮಾತು ಕೇಳಿದರು: "ಅವ್ವ ಎಲ್ಲಿರ್ತಾಳೆ ಅಂತ ಯಾರಾದರೂ ಅವಳನ್ನು ಕೇಳಿದಿರೇನು?"

ಯಾರೂ ಕೇಳಿರಲಿಲ್ಲ. ಆ ತಾಯಿ ಬಾಗಿಲ ಬಳಿ ಕೂತಿದ್ದವರು ತಮಗೆ ದುಡ್ಡಿನ ಪಾಲು ಬೇಡ, ಮನೆ ಮತ್ತು ಕೊಟ್ಟಿಗೆ ತಮ್ಮ ಭಾಗಕ್ಕೆ ಇರಲಿ ಎಂದರು. ಅಲ್ಲಿ ಈಗ ಒಂದು ಹಸು, ಒಂದು ಕರು ಮಾತ್ರ.

ಕೊಳ್ಳಲು ಬಂದವರು ಸಜ್ಜನರೇ. ಲಾಯವನ್ನು ಹೊಸದಾಗಿಯೇ ಕಟ್ಟಬೇಕಾದೀತೆಂದು ಅವರಿಗೂ ಹೊಳೆದಿತ್ತು. ಒಣನೆಲವಿರುವ ಜಗಳೂರಿನ ಕಡೆ ನೋಡುತ್ತೇನೆಂದು ಹೇಳಿ ಹೋದರು. ತೋಟದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಮನೆ, ಕೊಟ್ಟಿಗೆಗಳನ್ನು ಪ್ರತ್ಯೇಕಿಸುವ ನಕ್ಷೆಗೆ ಅರ್ಜಿ ಕೊಟ್ಟಿದ್ದಾರೆ, ನಾಲ್ವರದೂ ರುಜು ಇದೆ. ನಾನು ಹೊರಡುವಾಗ ಆ ತಾಯಿ ಗಿಣ್ಣು ಕಟ್ಟಿಕೊಟ್ಟರು. ಹಸು ಕರು ಹಾಕಿ ಮೂರು ದಿನವಾಗಿತ್ತಂತೆ.