ಸರದಿಯಲ್ಲಿ ಒಂದು ಕೊಡ

2019ರ ಬೇಸಿಗೆ. ಚೆನ್ನೈಗೆ ನೀರು ಕೊಡುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಕೆರೆಗಳು ಬತ್ತಿದ್ದವು. ಮಗನ ಮನೆಗೆ ಬಂದಿದ್ದ ಮಂಡ್ಯ ಕಡೆಯ ಅಜ್ಜಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿದ್ದರು. ಹಿಂದಿನಿಂದ ಯಾರೋ ಗೊಣಗಿದ್ದು ಅರ್ಧಂಬರ್ಧ ಅರ್ಥವಾಯಿತು: ಹೊರಗಿನವರು ಬಂದು ತುಂಬಿಕೊಂಡರೆ ನೀರೆಲ್ಲಿ ಸಾಲುತ್ತದೆ?

ಮನೆಗೆ ಬಂದು ಮಗನನ್ನು ಕೇಳಿದರು: "ನಾವು ಏಳ್ ಜನ ಹುಟ್ಟಿದ್ವಿ, ಒಂದೇ ಬಾವಿ ಸಾಕಾಗಿತ್ತು. ನಿಂಗೊಬ್ನೇ ಮಗ. ಜನ ಎಲ್ಲಿಂದ್ಲಾ ಜಾಸ್ತಿ ಆದ್ರು?"

ಮಗನಿಗೆ ಉತ್ತರ ಗೊತ್ತಿತ್ತು. ತಮಿಳುನಾಡಿನಲ್ಲಿ ಈಗ ಹೆಣ್ಣೊಬ್ಬಳಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ನಗರ ಬೆಳೆದದ್ದು ಹೆರಿಗೆಯಿಂದ ಮಾತ್ರವಲ್ಲ, ಕೆಲಸ ಹುಡುಕಿ ಬಂದ ತನ್ನಂಥವರಿಂದಲೂ. ಅವರಿಗಾಗಿ ಪಳ್ಳಿಕರಣೈ ಜೌಗಿನ ಮೇಲೆ ರಸ್ತೆ, ಕಚೇರಿ, ಮನೆಗಳು ಎದ್ದವು. ಮಳೆನೀರು ನಿಂತು ಇಂಗುತ್ತಿದ್ದ ನೆಲವದು. ಅವನ ಫ್ಲಾಟೂ ಅಲ್ಲೇ.

ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂತು. ಮೆಟ್ಟೂರಿನ ಕಾವೇರಿ ಎಂದ ಮಗ.

"ಅಂದ್ರೆ ನಮ್ಮ ಕಡೆಯಿಂದ್ಲೇ ಹರಿದು ಬಂದದ್ದು."

ಒಂದು ಹನಿಯೂ ಕೆಳಕ್ಕೆ ಬಿಡಬಾರದೆಂದು ಊರಿನ ಹೆಂಗಸರ ಜೊತೆ ರಸ್ತೆಯಲ್ಲಿ ಕೂತಿದ್ದವರು ಆಕೆ. ಮೊಮ್ಮಗ ಅರ್ಧ ಕುಡಿದಿಟ್ಟಿದ್ದ ಲೋಟವನ್ನು ತುಸು ಹೊತ್ತು ನೋಡಿದರು. ಚೆಲ್ಲಲಿಲ್ಲ. ಕುಡಿದರು.